ಪೌಂಡಿಗೆ ಮೂರು ಪೆನ್ನಿ

ಹಳೇ ಬ್ರಿಟಿಷ್ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು. ನಮ್ಮ ಹಳೇ ಕಾಸು-ಆಣೆ ಲೆಕ್ಕದಷ್ಟೇ ತಲೆನೋವಿನದು :) ಈ 240ರಲ್ಲಿ ಮೂರು ಪೆನ್ನಿ ಅಂದರೆ ನೂರಕ್ಕೆ ಒಂದೂಕಾಲು. ಹತ್ತು ಸಾವಿರ ಸಂಬಳ ಎಣಿಸುವವನು ನೂರಾ ಇಪ್ಪತ್ತೈದು ರೂಪಾಯಿ ತೆಗೆದಿಟ್ಟ ಹಾಗೆ. ಒಂದು ಊರಿನ ಜನ ವಾರವಾರವೂ ಇಷ್ಟು ಚಿಲ್ಲರೆ ತೆಗೆದಿಟ್ಟು ಡಾಕ್ಟರು, ನರ್ಸು, ಹಲ್ಲಿನ ವೈದ್ಯ, ಔಷಧಿ ಅಂಗಡಿ ಎಲ್ಲವನ್ನೂ ತಮ್ಮದೇ ಅನ್ನುವ ಹಾಗೆ ಮಾಡಿಕೊಂಡಿದ್ದರು. ಆಮೇಲೆ ಅದನ್ನೇ ನೋಡಿ ಒಂದು ದೇಶ ಕಲಿತುಕೊಂಡಿತು. ದೇಶ ಕಲಿತ ದಿನವೇ ಊರಿನವರ ಕೈಯಿಂದ ಅದು ತಪ್ಪಿಯೂ ಹೋಯಿತು. ಇವತ್ತು ಬರೆಯಬೇಕು ಅಂದುಕೊಂಡದ್ದು ಈ ಪಡೆದದ್ದು-ಕಳೆದದ್ದರ ಬಗ್ಗೆ.

ಊರಿನ ಹೆಸರು ಟ್ರೆಡೆಗರ್. ದಕ್ಷಿಣ ವೇಲ್ಸ್‌ನಲ್ಲಿ, ಕಾರ್ಡಿಫ್‌ನಿಂದ ಉತ್ತರಕ್ಕೆ, ಸಿರ್ಹೊವಿ ಅನ್ನುವ ಪುಟ್ಟ ನದಿಯ ಕಣಿವೆಯ ತುದಿಯಲ್ಲಿದೆ. ಈಗ ಸುಮಾರು ಹದಿನೈದು ಸಾವಿರ ಜನ. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಊರು ಅನ್ನಬಹುದು.

ನಾನು ಕಾರ್ಡಿಫ್‌ನಲ್ಲಿ ಕೆಲಸಕ್ಕಿದ್ದಾಗ ಕ್ವೀನ್ ಸ್ಟ್ರೀಟಿನಲ್ಲಿ ದಿನಾ ಒಂದು ಪ್ರತಿಮೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ಸ್ವಲ್ಪ ಮುಂದಕ್ಕೆ ಬಾಗಿ ಯಾರಿಗೋ ಏನೋ ಹೇಳುತ್ತಿರುವ ಹಾಗೆ ನಿಂತ ಮನುಷ್ಯ. ಅನೈರಿನ್ ಬೆವನ್. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಕಟ್ಟಿದ ಮಂತ್ರಿ. 2004ರಲ್ಲಿ ವೇಲ್ಸ್‌ನ ನೂರು ಮಹನೀಯರು ಯಾರು ಅಂತ ಜನರಿಂದ ಮತ ಹಾಕಿಸಿದಾಗ ಮೊದಲನೇ ಸ್ಥಾನ ಬಂದದ್ದು ಈತನಿಗೆ. ಈತ ಹುಟ್ಟಿದ್ದು ಟ್ರೆಡೆಗರ್‌ನಲ್ಲಿ. ಇಷ್ಟು ಗೊತ್ತಾದ ಮೇಲೆ ಒಂದು ಶನಿವಾರ ಬಸ್ಸು ಹತ್ತಿದೆ. ರೈಲಿಲ್ಲ. ಆ ಕಣಿವೆಯ ಪ್ರಯಾಣಿಕರ ರೈಲು 1960ರಲ್ಲೇ ನಿಂತು ಹೋಗಿದೆ.

*

ಟ್ರೆಡೆಗರ್ ಅನ್ನುವುದು ಮೂಲದಲ್ಲಿ ಊರಿನ ಹೆಸರೇ ಅಲ್ಲ. ನ್ಯೂಪೋರ್ಟ್ ಹತ್ತಿರ ಮಾರ್ಗನ್ ಎಂಬ ಜಮೀನ್ದಾರರ ಮನೆತನದ ಬಂಗಲೆಯ ಹೆಸರು ಅದು. ಆ ಮನೆತನದ ಮಗಳನ್ನು ಮದುವೆಯಾಗಿದ್ದ ಸ್ಯಾಮ್ಯುಯೆಲ್ ಹೋಮ್‌ಫ್ರೇ ಎಂಬ ಕಬ್ಬಿಣದ ಉದ್ಯಮಿ 1800ರಲ್ಲಿ ಮಾವನ ಕಡೆಯ ಬೆಟ್ಟದ ಜಮೀನನ್ನು ಗುತ್ತಿಗೆಗೆ ಹಿಡಿದು, ಕುಲುಮೆ ಹಚ್ಚಿದ. ಅದಿರು, ಕಲ್ಲಿದ್ದಲು, ಸುಣ್ಣಕಲ್ಲು, ನೀರು ಈ ನಾಲ್ಕೂ ಆ ಕಣಿವೆಗಳ ನೆತ್ತಿಯಲ್ಲಿ ಒಂದೇ ಕಡೆ ಸಿಗುತ್ತವೆ. ಕಬ್ಬಿಣಕ್ಕೆ ಇನ್ನೇನು ಬೇಕು? ಕುರಿ ಮೇಯುತ್ತಿದ್ದ ಜಾಗಕ್ಕೆ ವೇಲ್ಸ್‌ನ ಹಳ್ಳಿಗಳಿಂದ, ಇಂಗ್ಲೆಂಡಿನಿಂದ, ಐರ್ಲೆಂಡಿನಿಂದ ಜನ ಬಂದು ತುಂಬಿದರು. ಅಮೆರಿಕದ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ 1830ರ ದಶಕದಲ್ಲಿ ಒಂದು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಕ್ಕೂ ಟ್ರೆಡೆಗರ್ ಅಂತಲೇ ಹೆಸರಿಟ್ಟರು ಅಂದರೆ ಈ ಊರಿನ ಹೆಸರು ಎಷ್ಟು ನಡೆಯುತ್ತಿತ್ತು ನೋಡಿ.

ಹೀಗೆ ಕಂಪನಿಯೇ ಹುಟ್ಟಿಸಿದ ಊರಿನಲ್ಲಿ ಯಜಮಾನಿಕೆಯೂ ಕಂಪನಿಯದೇ. ಮನೆ ಕಂಪನಿಯದು, ಬೀದಿ ಕಂಪನಿಯದು. ಊರಿನ ನಡುವೆ ಒಂದು ಸರ್ಕಲ್ ಇದೆ. ನಮ್ಮೂರುಗಳ ಸರ್ಕಲ್‌ಗೆ ಗಾಂಧಿಯದೋ ಚೆನ್ನಮ್ಮನದೋ ಹೆಸರಿದ್ದರೆ ಇದಕ್ಕೆ ಯಾವ ಹೆಸರೂ ಇಲ್ಲ, ಬರೀ 'ದಿ ಸರ್ಕಲ್'. ಅದರ ಮಧ್ಯೆ 72 ಅಡಿ ಎತ್ತರದ ಎರಕದ ಕಬ್ಬಿಣದ ಗಡಿಯಾರದ ಕಂಬ. 1858ರದು. ಕಬ್ಬಿಣದ ಊರಿಗೆ ಕಬ್ಬಿಣದ ಗಡಿಯಾರ. ಅದಕ್ಕೆ ದುಡ್ಡೆತ್ತಲು ಮುಂದಾದವಳು ಕಾರ್ಖಾನೆ ಮ್ಯಾನೇಜರನ ಹೆಂಡತಿ. ಅದರ ಮೇಲೆ ಕೆತ್ತಿದ ಹೆಸರು ಡ್ಯೂಕ್ ಆಫ್ ವೆಲಿಂಗ್ಟನ್‌ನದು. ಟಿಪ್ಪು ಸುಲ್ತಾನರ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಸೈನ್ಯದಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ! ಎಲ್ಲಿಗೆ ಹೋದರೂ ಈ ಪುಣ್ಯಾತ್ಮನ ಕಾಟ ತಪ್ಪಲಿಲ್ಲ.

ಊರಿನ ಬೆಡ್‌ವೆಲ್ಟಿ ಪಾರ್ಕಿನಲ್ಲಿ ಒಂದು ದೊಡ್ಡ ಕಲ್ಲಿದ್ದಲ ಗಟ್ಟಿಯನ್ನು ಚಪ್ಪರದ ಕೆಳಗೆ ಇಟ್ಟಿದ್ದಾರೆ. ತೂಕ ಹದಿನೈದು ಟನ್. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಕಳಿಸೋಣ ಅಂತ ಗಣಿಯಿಂದ ಇಡಿಯಾಗಿ ಕಡಿದು ಮೇಲೆ ತಂದರು. ದಾರಿಯಲ್ಲಿ ಒಡೆದೀತು ಅನ್ನುವ ಭಯಕ್ಕೆ ಕಳಿಸಲೇ ಇಲ್ಲ. ಇಡೀ ಲೋಕ ನೋಡಬೇಕಾಗಿದ್ದ ಕಲ್ಲಿದ್ದಲನ್ನು ಈಗ ಪಾರ್ಕಿಗೆ ನಾಯಿ ಕರಕೊಂಡು ಬರುವವರು ನೋಡುತ್ತಾರೆ.

*

ಊರಿನ ಹೊರಗೆ, ಗಾಳಿ ಬೀಸುವ ಬೋಳು ಗುಡ್ಡದ ಮೇಲೆ ಕೆವ್ನ್ ಗೊಲಾಯ್ ಎಂಬ ಸ್ಮಶಾನವಿದೆ. ವೆಲ್ಶ್ ಭಾಷೆಯಲ್ಲಿ ಬೆಳಕಿನ ದಿಣ್ಣೆ ಅಂತ ಅರ್ಥ. 1832ರಲ್ಲಿ, ಮತ್ತೆ 1849ರಲ್ಲಿ ಕಾಲರಾ ಬಂದು ಸತ್ತವರನ್ನು ಹೂತದ್ದು ಅಲ್ಲಿ. ಸತ್ತವರಿಂದಲೂ ರೋಗ ಬರುತ್ತದೆ ಅನ್ನುವ ಹೆದರಿಕೆಗೆ ಊರಿನಿಂದ ಅಷ್ಟು ದೂರ ಒಯ್ದರು. ವಾಲಿಕೊಂಡು ನಿಂತ ಕಲ್ಲುಗಳ ಮೇಲೆ ಹೆಸರು, ವಯಸ್ಸು, ಕಾಲರಾದಿಂದ ಸತ್ತದ್ದು ಅಂತ ಬರೆದಿದೆ. ಸುತ್ತ ಕುರಿಗಳು.

ಆ ಕಲ್ಲುಗಳ ಮುಂದೆ ನಿಂತರೆ ಈ ಊರಿನ ಮುಂದಿನ ಕಥೆ ಅರ್ಥವಾಗುತ್ತದೆ. ಇಕ್ಕಟ್ಟು ಮನೆಗಳು, ಕೊಳಕು ನೀರು, ನೆಲದಡಿ ಗಣಿ ಕುಸಿತ, ಅನಿಲ ಸ್ಫೋಟ, ಮೇಲೆ ಕುಲುಮೆಯ ಸುಟ್ಟಗಾಯ. ಡಾಕ್ಟರು ಇರಲಿಲ್ಲ ಅಂತಲ್ಲ, ಇದ್ದ. ಆದರೆ ಆ ಕಣಿವೆಗಳಲ್ಲೆಲ್ಲ ಡಾಕ್ಟರು ಅಂದರೆ ಕಂಪನಿ ಡಾಕ್ಟರು. ಅವನ ಖರ್ಚಿಗೆ ಹಣ ಹಿಡಿಯುತ್ತಿದ್ದದ್ದು ಕಾರ್ಮಿಕರ ಸಂಬಳದಿಂದಲೇ. ಅವನನ್ನು ನೇಮಿಸುತ್ತಿದ್ದದ್ದು ಮಾತ್ರ ಮಾಲೀಕ. ಗಣಿಯಲ್ಲಿ ಕೈ ಮುರಿದವನಿಗೆ ಮುರಿದಿದೆಯೋ ಇಲ್ಲವೋ ಅಂತ ಹೇಳಬೇಕಾದವನು ಮಾಲೀಕನ ಋಣದಲ್ಲಿರುವ ಮನುಷ್ಯ. ದುಡ್ಡು ನಮ್ಮದು, ಡಾಕ್ಟರು ಅವರವನು. ಈ ಒಂದು ಸಿಟ್ಟೇ ಎಲ್ಲಕ್ಕೂ ಬೀಜ ಅಂತ ನನಗನ್ನಿಸುತ್ತದೆ.

1890ರಲ್ಲಿ ಟ್ರೆಡೆಗರ್ ವರ್ಕ್‌ಮೆನ್ಸ್ ಮೆಡಿಕಲ್ ಏಡ್ ಸೊಸೈಟಿ ಹುಟ್ಟಿತು. ನಮ್ಮೂರ ಹಾಲಿನ ಸೊಸೈಟಿ ನೋಡಿದವರಿಗೆ ಇದರ ರೀತಿ ಬೇರೆ ವಿವರಿಸಬೇಕಿಲ್ಲ. ಸದಸ್ಯನ ಸಂಬಳದಲ್ಲಿ ಪೌಂಡಿಗೆ ಮೂರು ಪೆನ್ನಿ ಮುರಿದುಕೊಳ್ಳುವುದು. ಹೆಚ್ಚು ದುಡಿದವನದು ಹೆಚ್ಚು, ಕಮ್ಮಿ ದುಡಿದವನದು ಕಮ್ಮಿ. ಚಿಕಿತ್ಸೆ ಮಾತ್ರ ಇಬ್ಬರಿಗೂ ಒಂದೇ, ಹೆಂಡತಿ ಮಕ್ಕಳಿಗೂ ಸೇರಿ. ಕಾರ್ಮಿಕರೇ ಆರಿಸಿದ ಕಮಿಟಿ. ಡಾಕ್ಟರನ್ನು ನೇಮಿಸುವುದು ಆ ಕಮಿಟಿ, ಸಂಬಳ ಕೊಡುವುದು ಅದು, ದೂರು ಬಂದರೆ ಕರೆದು ಕೇಳುವುದೂ ಅದೇ. ಬರಬರುತ್ತ ಗಣಿಗೆ ಸಂಬಂಧವಿಲ್ಲದ ಊರಿನ ಇತರರೂ ಚಂದಾ ಕಟ್ಟಿ ಸೇರಿಕೊಂಡರು. ಎರಡು ಯುದ್ಧಗಳ ನಡುವಿನ ವರ್ಷಗಳಲ್ಲಿ ಸೊಸೈಟಿಯ ಪಟ್ಟಿ ನೋಡಿ: ಐವರು ಡಾಕ್ಟರು, ಒಬ್ಬ ಶಸ್ತ್ರಚಿಕಿತ್ಸಕ, ಔಷಧಿ ಕೊಡುವವರು ಇಬ್ಬರು, ಹಲ್ಲಿನ ವೈದ್ಯ, ಫಿಸಿಯೋಥೆರಪಿಗೆ ಒಬ್ಬರು, ಮನೆಮನೆಗೆ ಹೋಗುವ ನರ್ಸು. 1940ರ ದಶಕದ ಹೊತ್ತಿಗೆ ಊರಿನ ಸುಮಾರು 24,000 ಜನರಲ್ಲಿ 22,800 ಜನ ಇದರ ನೆರಳಿನಲ್ಲಿದ್ದರು.

1904ರಲ್ಲಿ ಒಂದು ಪುಟ್ಟ ಆಸ್ಪತ್ರೆಯೂ ಬಂತು. ಜಾಗ ಕೊಟ್ಟದ್ದು ಜಮೀನ್ದಾರ ಲಾರ್ಡ್ ಟ್ರೆಡೆಗರ್. ಅದನ್ನು ನಡೆಸಿದ್ದು ಕಾರ್ಮಿಕರ ಅರ್ಧರ್ಧ ಪೆನ್ನಿ.

*

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷಗಳ ಹಿಂದೆ ನಮ್ಮಪ್ಪನನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಎದೆನೋವು. ಸ್ಟ್ರೆಚರ್ ಮೇಲೆ ಅಪ್ಪ, ಕೌಂಟರಿನಲ್ಲಿ ನಾನು. ಕೌಂಟರಿನಾಚೆಯ ಹುಡುಗ ತಲೆ ಎತ್ತದೆ "ಅಡ್ವಾನ್ಸ್ ಕಟ್ಟಿ ಬನ್ನಿ ಸಾರ್" ಅಂದ. ನನ್ನ ಕಾರ್ಡಿನಲ್ಲಿ ಅಷ್ಟು ದುಡ್ಡಿರಲಿಲ್ಲ. ಅತ್ತಿಗೆ ಮಾತಾಡದೆ ಕೈಬಳೆ ತೆಗೆಯಲು ಶುರು ಮಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟರಲ್ಲಿ ಪಕ್ಕದ ಮನೆಯವರು, ಅಪ್ಪನ ಹಳೇ ಸಹೋದ್ಯೋಗಿಗಳು, ಯಾರ್ಯಾರೋ ಅಂತೂ ಸೇರಿಸಿದರು. ಅಪ್ಪ ಉಳಿದರು.

ನಮ್ಮಲ್ಲಿ ಒಳ್ಳೇತನಕ್ಕೆ ಕೊರತೆ ಇಲ್ಲ ಅಂತ ಆವತ್ತು ಗೊತ್ತಾಯಿತು. ಆದರೆ ಆ ಒಳ್ಳೇತನ ಬಂದದ್ದು ಕಾಯಿಲೆ ಬಂದ ಮೇಲೆ, ಮಧ್ಯರಾತ್ರಿಯಲ್ಲಿ, ನಾನು ಫೋನು ಮಾಡಿ ಬೇಡಿದ ಮೇಲೆ. ಫೋನು ಮಾಡಲು ಯಾರೂ ಇಲ್ಲದವನು ಏನು ಮಾಡಬೇಕು? ಟ್ರೆಡೆಗರ್‌ನ ಗಣಿ ಕೆಲಸದವನೂ ನಮ್ಮ ಪಕ್ಕದ ಮನೆಯವರಷ್ಟೇ ಒಳ್ಳೆಯವನಿರಬೇಕು. ಆದರೆ ಅವನು ತನ್ನ ಒಳ್ಳೇತನವನ್ನು ವಾರದ ಸಂಬಳದ ದಿನವೇ, ಯಾರಿಗೂ ಕಾಯಿಲೆ ಇಲ್ಲದಾಗಲೇ, ಮೂರು ಪೆನ್ನಿ ಮಾಡಿ ಸೊಸೈಟಿಗೆ ಕೊಟ್ಟಿರುತ್ತಿದ್ದ. ಹಾಗಾಗಿ ಅಲ್ಲಿ ಕಾಯಿಲೆ ಬಿದ್ದವನು ಯಾರಿಗೂ ಕೈ ಮುಗಿಯಬೇಕಿರಲಿಲ್ಲ. ತನ್ನ ಪಾಲನ್ನು ತಾನು ತಗೊಂಡ, ಅಷ್ಟೇ.

*

ಚಿಲ್ಲರೆ ಸೇರಿಸುವ ಈ ಅಭ್ಯಾಸ ಔಷಧಿಗೆ ಮಾತ್ರ ನಿಲ್ಲಲಿಲ್ಲ. ಕಾರ್ಮಿಕರ ಇನ್‌ಸ್ಟಿಟ್ಯೂಟ್ ಅಂತ ಒಂದಿತ್ತು. ಅದಕ್ಕೂ ಚಂದಾ. ಅದರೊಳಗೆ ಗ್ರಂಥಾಲಯ. ದಿನವಿಡೀ ನೆಲದಡಿ ಇದ್ದು ಬಂದವರು ಸಂಜೆ ಮುಖ ತೊಳೆದು ಬಂದು ಅಲ್ಲಿ ಓದುತ್ತಿದ್ದರು. ಪ್ರಾರ್ಥನಾ ಮಂದಿರಗಳು, ಅವುಗಳ ಹಾಡುಗಾರಿಕೆ. ಹಿತ್ತಾಳೆ ವಾದ್ಯಗಳ ಟ್ರೆಡೆಗರ್ ಬ್ಯಾಂಡು. ಆ ಬ್ಯಾಂಡು ಇವತ್ತಿಗೂ ಇದೆ, 2010 ಮತ್ತು 2013ರಲ್ಲಿ ಬ್ರಿಟಿಷ್ ಓಪನ್ ಸ್ಪರ್ಧೆ ಗೆದ್ದಿದೆ. ಗಣಿ ಹೋದರೂ ವಾದ್ಯ ಬಿಡಲಿಲ್ಲ.

ಆ ಗ್ರಂಥಾಲಯದಲ್ಲಿ ಓದಿ ಬೆಳೆದ ಒಬ್ಬ ಹುಡುಗನೇ ಬೆವನ್. ಊರಿನವರ ಬಾಯಲ್ಲಿ ನೈ. 1897ರಲ್ಲಿ ಚಾರ್ಲ್ಸ್ ಸ್ಟ್ರೀಟಿನ ಸಾಲುಮನೆಯೊಂದರಲ್ಲಿ, ಗಣಿ ಕಾರ್ಮಿಕನ ಹತ್ತು ಮಕ್ಕಳಲ್ಲಿ ಒಬ್ಬನಾಗಿ ಹುಟ್ಟಿದವನು. ಹದಿಮೂರಕ್ಕೆ ಶಾಲೆ ಬಿಟ್ಟು ಟಿ ಟ್ರಿಸ್ಟ್ ಗಣಿಗೆ ಇಳಿದ. ವೆಲ್ಶ್‌ನಲ್ಲಿ ಟಿ ಟ್ರಿಸ್ಟ್ ಅಂದರೆ ದುಃಖದ ಮನೆ! ಸ್ಮಶಾನಕ್ಕೆ ಬೆಳಕಿನ ಹೆಸರು, ಗಣಿಗೆ ದುಃಖದ ಹೆಸರು. ಹುಡುಗನಿಗೆ ವಿಪರೀತ ಉಗ್ಗು. ಬೆಟ್ಟದ ಮೇಲೆ ನಡೆಯುತ್ತ ಪದ್ಯ ಜೋರಾಗಿ ಹೇಳಿಕೊಂಡು, ನಾಲಿಗೆಗೆ ತೊಡರುವ ಶಬ್ದಕ್ಕೆ ಬದಲು ಇನ್ನೊಂದು ಶಬ್ದ ಹುಡುಕಿ ಹುಡುಕಿ ಕಲಿತು, ಕೊನೆಗೆ ಪಾರ್ಲಿಮೆಂಟಿನ ದೊಡ್ಡ ಮಾತುಗಾರರಲ್ಲಿ ಒಬ್ಬನಾದ. ಗ್ರಂಥಾಲಯದ ಶಬ್ದಕೋಶಕ್ಕೆ ಇದಕ್ಕಿಂತ ದೊಡ್ಡ ಉಪಯೋಗ ಏನಿದ್ದೀತು.

1922ರಲ್ಲಿ ಊರಿನ ಕೌನ್ಸಿಲಿಗೆ ಆರಿಸಿ ಬಂದ. ಸೊಸೈಟಿಯ ಕಮಿಟಿಯಲ್ಲಿ, ಆಸ್ಪತ್ರೆಯ ಕಮಿಟಿಯಲ್ಲಿ ಕೂತ. ಲೆಕ್ಕಪುಸ್ತಕ ನೋಡುವುದು, ಡಾಕ್ಟರ ಜೊತೆ ಜಗಳ, ಯಾರಿಗೆ ಕನ್ನಡಕ, ಯಾರಿಗೆ ಹಲ್ಲಿನ ಸೆಟ್ಟು... ಇವೇ ಅವನ ಪಾಠಗಳು. 1925ರಲ್ಲಿ ಅವನ ಅಪ್ಪ ತೀರಿಕೊಂಡರು. ವರ್ಷಗಟ್ಟಲೆ ಕುಡಿದ ಕಲ್ಲಿದ್ದಲ ಧೂಳು ಶ್ವಾಸಕೋಶ ಕಟ್ಟಿಸಿತ್ತು. ಗಣಿಯವರ ಆ ಕಾಯಿಲೆಯನ್ನು ಆಗಿನ ಕಾನೂನು ಉದ್ಯೋಗದಿಂದ ಬಂದದ್ದು ಅಂತ ಒಪ್ಪುತ್ತಿರಲಿಲ್ಲ. ಪರಿಹಾರ ಇಲ್ಲ. ಊರಿನ ಸೊಸೈಟಿ ಎಷ್ಟೇ ಚೆನ್ನಾಗಿದ್ದರೂ ಕಾನೂನು ಬದಲಿಸಲು ಅದರ ಕೈಲಾಗುತ್ತಿರಲಿಲ್ಲ. ಅದಕ್ಕೆ ಲಂಡನ್ನಿಗೇ ಹೋಗಬೇಕಿತ್ತು. 1929ರಲ್ಲಿ ಹೋದ, ಪಕ್ಕದ ಎಬ್ಬು ವೇಲ್ ಕ್ಷೇತ್ರದ ಸಂಸದನಾಗಿ. ಸಾಯುವವರೆಗೂ ಅದೇ ಕ್ಷೇತ್ರ.

*

ಇಷ್ಟು ಓದಿ ಟ್ರೆಡೆಗರ್ ಅಂದರೆ ರಾಮರಾಜ್ಯ ಅಂದುಕೊಂಡರೆ ತಪ್ಪಾದೀತು. 1911ರ ಆಗಸ್ಟ್ 19ರ ರಾತ್ರಿ ಇದೇ ಊರಿನ ಗುಂಪುಗಳು ಯಹೂದಿಗಳ ಅಂಗಡಿಗಳಿಗೆ ನುಗ್ಗಿ ಒಡೆದು ದೋಚಿದವು. ಗಲಭೆ ಅಕ್ಕಪಕ್ಕದ ಕಣಿವೆಗಳಿಗೂ ಹಬ್ಬಿತು, ಸೈನ್ಯ ಬರಬೇಕಾಯಿತು. ಮುಷ್ಕರಗಳ ವರ್ಷ ಅದು, ಜೇಬು ಖಾಲಿ, ಬಾಡಿಗೆ-ಬೆಲೆಗಳ ಸಿಟ್ಟು ಅಂತ ಕಾರಣ ಹೇಳುತ್ತಾರೆ. ಇರಬಹುದು. ಆದರೂ ಮೂರು ಪೆನ್ನಿಯನ್ನು ಒಟ್ಟಿಗೆ ಇಟ್ಟ ಊರಿನಲ್ಲೇ ಇದೂ ಆಯಿತು. ನಾವು ಅನ್ನುವ ಶಬ್ದಕ್ಕೆ ಎಲ್ಲಿ ಗೆರೆ ಎಳೆಯುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇದನ್ನು ಬಿಟ್ಟು ಬರೆದರೆ ಊರಿನ ಕಥೆ ಪ್ರವಾಸೋದ್ಯಮ ಇಲಾಖೆಯ ಪುಸ್ತಿಕೆ ಆಗುತ್ತದೆ.

ಸೊಸೈಟಿಯನ್ನು ಒಳಗಿನಿಂದ ನೋಡಿ ಟೀಕಿಸಿದವರೂ ಇದ್ದರು. ಅವರಲ್ಲಿ ಒಬ್ಬರು ನಿಮಗೆ ಗೊತ್ತು: ಎ. ಜೆ. ಕ್ರೋನಿನ್. ನಮ್ಮ ಹಿಂದಿನ ತಲೆಮಾರಿನವರು ಬಾಡಿಗೆ ಲೈಬ್ರರಿಗಳಿಂದ ತಂದು ಓದುತ್ತಿದ್ದ ಕಾದಂಬರಿಕಾರ. ಬರಹಗಾರನಾಗುವ ಮುಂಚೆ ಕ್ರೋನಿನ್ 1920ರ ದಶಕದ ಆರಂಭದಲ್ಲಿ ಟ್ರೆಡೆಗರ್‌ನಲ್ಲಿ ಸೊಸೈಟಿಯ ಡಾಕ್ಟರಾಗಿದ್ದವರು. 1937ರಲ್ಲಿ ಬಂದ ಅವರ 'ದಿ ಸಿಟಡೆಲ್' ಕಾದಂಬರಿಗೆ ಆ ಅನುಭವವೇ ಮೂಲ. ಅದರಲ್ಲಿ ಬರುವ ಸೊಸೈಟಿ ಅಷ್ಟೇನೂ ಚಂದದ್ದಲ್ಲ. ಕಿರಿಯ ಡಾಕ್ಟರ ಸಂಬಳದಲ್ಲಿ ಪಾಲು ಹೊಡೆಯುವ ಹಿರಿಯ ಡಾಕ್ಟರು, ವೈದ್ಯಕೀಯ ತಿಳಿಯದೆ ವಿಚಾರಣೆಗೆ ಕೂರುವ ಕಮಿಟಿ. ಬೀಗರ ರಾಜಕೀಯದಂಥ ಊರ ರಾಜಕೀಯ. ನಮ್ಮ ಸೊಸೈಟಿ ಚುನಾವಣೆ ನೋಡಿದವರಿಗೆ ಆಶ್ಚರ್ಯವೇನೂ ಆಗದು :) ಆದರೂ ದುಡ್ಡಿದ್ದವನಿಗೊಂದು ವೈದ್ಯ, ಇಲ್ಲದವನಿಗೊಂದು ವೈದ್ಯ ಅನ್ನುವ ವ್ಯವಸ್ಥೆಯ ಬಗ್ಗೆ ಬ್ರಿಟನ್ನಿನ ಓದುಗರ ಸಿಟ್ಟು ಎಬ್ಬಿಸಿದ ಪುಸ್ತಕ ಅಂತ ಅದನ್ನು ಇವತ್ತಿಗೂ ನೆನೆಯುತ್ತಾರೆ.

ಅಂದ ಹಾಗೆ, ದೇವಾನಂದ್ ಗಣಿ ಊರಿನ ಡಾಕ್ಟರಾಗಿ ಬರುವ 'ತೇರೆ ಮೇರೆ ಸಪ್ನೆ' ನೆನಪಿದೆಯಾ? 1971ರ ಆ ಹಿಂದಿ ಚಿತ್ರ ಈ ಕಾದಂಬರಿಯಿಂದಲೇ ಹುಟ್ಟಿದ್ದು. ಎಸ್. ಡಿ. ಬರ್ಮನ್ ಹಾಡುಗಳ ಹಿಂದೆ ವೇಲ್ಸ್‌ನ ಕಲ್ಲಿದ್ದಲ ಧೂಳಿದೆ ಅಂತ ಯಾರಿಗೆ ಗೊತ್ತಿತ್ತು!

*

1945ರಲ್ಲಿ ಲೇಬರ್ ಸರ್ಕಾರ ಬಂದಾಗ ಬೆವನ್ ಆರೋಗ್ಯ ಮಂತ್ರಿಯಾದ. 1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ ವೈದ್ಯರ ಸಂಘದ ಮತದಾನದಲ್ಲಿ ಹತ್ತರಲ್ಲಿ ಒಂಬತ್ತು ವೈದ್ಯರು ಬೇಡ ಅಂದಿದ್ದರು. ಆದರೂ ಶುರುವಾಯಿತು. ಟ್ರೆಡೆಗರ್‌ನಲ್ಲಿ ನಾವು ಅನುಭವಿಸಿದ್ದನ್ನು ದೇಶಕ್ಕೆಲ್ಲ ಹಂಚುತ್ತಿದ್ದೇನೆ, ನಿಮ್ಮನ್ನೆಲ್ಲ ಟ್ರೆಡೆಗರ್ ಮಾಡುತ್ತೇನೆ ಅನ್ನುವ ಅರ್ಥದ ಅವನ ಮಾತು ಪ್ರಸಿದ್ಧ.

ಈ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಪುಟ್ಟ ಊರು ದೊಡ್ಡ ದೇಶಕ್ಕೆ ಪಾಠ ಕಲಿಸಿತು, ಶುಭಂ. ನನ್ನನ್ನು ಕಾಡುವುದು ಇದರ ನಂತರದ್ದು.

ಹೊಸ ಕಾನೂನು ಬರುವಾಗ ಇಂಥ ಮೆಡಿಕಲ್ ಏಡ್ ಸೊಸೈಟಿಗಳವರು ಬೆವನ್‌ನ ಮುಂದೆ ಹೋಗಿ ಕೇಳಿಕೊಂಡರು. ನಮ್ಮನ್ನು ಮುಚ್ಚಬೇಡ, ಹೊಸ ವ್ಯವಸ್ಥೆಯೊಳಗೇ ನಮಗೊಂದು ಜಾಗ ಕೊಡು ಅಂತ. ಅವನು ಒಪ್ಪಲಿಲ್ಲ. ದಾರಿ ತೋರಿಸಿದವರು ನೀವೇ, ಅಷ್ಟು ಚೆನ್ನಾಗಿ ನಡೆಸಿದ್ದರಿಂದಲೇ ನಿಮ್ಮ ಕೊನೆಯನ್ನೂ ನೀವೇ ತಂದುಕೊಂಡಿರಿ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಅದೇ ಸೊಸೈಟಿಯ ಔಷಧಿ ಕುಡಿದು ಬೆಳೆದವನು, ಅದೇ ಕಮಿಟಿಯಲ್ಲಿ ಕೂತವನು!

ಅವನ ಪರವಾಗಿ ಯೋಚಿಸಿದರೆ ಅವನು ಹೇಳಿದ್ದರಲ್ಲಿ ನ್ಯಾಯವಿದೆ. ಟ್ರೆಡೆಗರ್‌ಗೆ ಒಳ್ಳೇ ಸೊಸೈಟಿ ಇತ್ತು. ಸೊಸೈಟಿಯೇ ಇಲ್ಲದ ಊರಿನವನ ಗತಿ? ದುಡಿಮೆ ಇಲ್ಲದ ಊರಿನಲ್ಲಿ ಪೌಂಡಿಗೆ ಮೂರು ಪೆನ್ನಿ ಎತ್ತಿದರೆ ಎಷ್ಟು ಬಂದೀತು? 1926ರಲ್ಲಿ ಗಣಿಗಳು ಏಳು ತಿಂಗಳು ಬಂದಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬಡ ಊರುಗಳಿಗೇ ಕಾಯಿಲೆ ಹೆಚ್ಚು, ಚಂದಾ ಕಮ್ಮಿ. ಆ ಹೊರೆಯನ್ನು ಇಡೀ ದೇಶ ಹೊತ್ತರೆ ಮಾತ್ರ ಹೊರಲಾದೀತು. ಯಾವ ಊರಿನಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಒಬ್ಬ ಬದುಕಬೇಕೋ ಸಾಯಬೇಕೋ ತೀರ್ಮಾನವಾಗಬಾರದು. ಇದಕ್ಕೆ ನನ್ನ ಹತ್ತಿರ ಎದುರು ವಾದವಿಲ್ಲ. 1951ರಲ್ಲಿ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ಶುಲ್ಕ ಹಾಕಲು ತಮ್ಮದೇ ಸರ್ಕಾರ ಹೊರಟಾಗ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರಬಂದ ಮನುಷ್ಯ ಅವನು. ಮಾತಿಗೆ ಬದ್ಧ.

ಊರಿನ ಕಡೆಯಿಂದಲೂ ನೋಡಿ. 1948ರ ಜುಲೈ 4ರಂದು ಟ್ರೆಡೆಗರ್‌ನ ಗಣಿ ಕಾರ್ಮಿಕನಿಗೆ ತನ್ನ ಡಾಕ್ಟರ ಮೇಲೆ ದೂರಿದ್ದರೆ ಹೋಗಬೇಕಾದದ್ದು ಸರ್ಕಲ್‌ನ ಸೊಸೈಟಿ ಆಫೀಸಿಗೆ. ಅಲ್ಲಿ ಕೂತವನು ಅವನ ಜೊತೆಯಲ್ಲೇ ಗಣಿಗೆ ಇಳಿಯುವವನು, ಅವನೇ ಕೈ ಎತ್ತಿ ಆರಿಸಿದವನು. ಮರುದಿನದಿಂದ ಎಲ್ಲವೂ ಪುಕ್ಕಟೆ, ಎಲ್ಲರಿಗೂ, ಹೆಚ್ಚಿನ ಸೌಲಭ್ಯದ ಜೊತೆಗೆ. ಆದರೆ ದೂರು ಹೋಗುವುದು ಎಲ್ಲೋ ಇರುವ ಕಚೇರಿಗೆ, ಹೆಸರು ಗೊತ್ತಿಲ್ಲದ ಅಧಿಕಾರಿಗೆ. ಯಜಮಾನನಾಗಿದ್ದವನು ಫಲಾನುಭವಿಯಾದ. ಚಿಕಿತ್ಸೆ ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಬಿತ್ತಿದ ಬೀಜ ಮೊಳೆತ ಮೇಲೆ ಮಣ್ಣಲ್ಲಿ ಹುಡುಕಿದರೆ ಸಿಗುತ್ತದೆಯೇ?

*

ಆಮೇಲಿನದು ಆ ಕಣಿವೆಗಳಲ್ಲೆಲ್ಲ ನಡೆದ ಕಥೆಯೇ. ಬೆವನ್ ಇಳಿದಿದ್ದ ಟಿ ಟ್ರಿಸ್ಟ್ ಗಣಿ 1959ರಲ್ಲಿ ಮುಚ್ಚಿತು. ಮರುವರ್ಷ ಅವನೂ ತೀರಿಕೊಂಡ. ಊರಿನ ಎಷ್ಟೋ ಜನರಿಗೆ ಅನ್ನ ಕೊಟ್ಟಿದ್ದ ಎಬ್ಬು ವೇಲ್‌ನ ಉಕ್ಕಿನ ಕಾರ್ಖಾನೆ 2002ರಲ್ಲಿ ನಿಂತಿತು. ಅರ್ಧರ್ಧ ಪೆನ್ನಿಯ ಆಸ್ಪತ್ರೆ 2010ರಲ್ಲಿ ಮುಚ್ಚಿತು. ಅದೇ ವರ್ಷ ಎಬ್ಬು ವೇಲ್‌ನಲ್ಲಿ ಬೆವನ್ ಹೆಸರಿನ ಹೊಸ ಆಸ್ಪತ್ರೆ ಬಂತು. ಆ ಭಾಗದ ಆರೋಗ್ಯ ಮಂಡಳಿಗೂ ಅವನದೇ ಹೆಸರು. ಆ ಪ್ರದೇಶ ಈಗ ವೇಲ್ಸ್‌ನ ಅತಿ ಬಡ ಪ್ರದೇಶಗಳಲ್ಲಿ ಒಂದು.

ಈ ಊರುಗಳಿಗೆ ಡಾಕ್ಟರು ಸಿಗುವುದು ಎನ್‌ಎಚ್‌ಎಸ್ ಬಂದ ಮೇಲೂ ಸುಲಭವಾಗಲಿಲ್ಲ. ಅಲ್ಲೇ ಓದಿದ ವೈದ್ಯರಿಗೆ ಧೂಳಿನ ಕಣಿವೆ ಬೇಡ, ಪಟ್ಟಣ ಬೇಕು. ವೇಲ್ಸ್‌ನ ಇನ್ನೊಂದು ಗಣಿ ಹಳ್ಳಿಯಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನೇ ಒಂದು ನಿಯಮದ ಹಾಗೆ ಬರೆದರು: ಒಳ್ಳೆಯ ವೈದ್ಯಕೀಯ ಸೇವೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಇನ್ನೂ ಕೆಡುತ್ತದೆ ಅಂತ.

ಆ ಖಾಲಿ ಕುರ್ಚಿಗಳಲ್ಲಿ ಬಂದು ಕೂತವರು ಯಾರು ಗೊತ್ತಾ? ನಮ್ಮವರು. ಭಾರತ, ಪಾಕಿಸ್ತಾನ, ಶ್ರೀಲಂಕಾದಿಂದ ಹೋದ ವೈದ್ಯರು. ದೊಡ್ಡ ಆಸ್ಪತ್ರೆಗಳ ದೊಡ್ಡ ಹುದ್ದೆ ಸುಲಭವಾಗಿ ಸಿಗದೆ, ಬೇರೆಯವರು ಬೇಡವೆಂದ ಕಣಿವೆಗಳಿಗೆ ಹೋಗಿ ಮೂವತ್ತು ನಲವತ್ತು ವರ್ಷ ಅಲ್ಲೇ ಉಳಿದವರು. ಯು.ಕೆ.ಯ ಕನ್ನಡ ಬಳಗದ ಯಾವ ಸಮಾರಂಭಕ್ಕೆ ಹೋದರೂ ಹಿರಿಯ ವೈದ್ಯರೇ ಎದ್ದು ಕಾಣುವುದಕ್ಕೆ ಕಾರಣ ಇದೇ ವಲಸೆ. 2010ರಲ್ಲಿ ಬಿಬಿಸಿ 'ದಿ ಇಂಡಿಯನ್ ಡಾಕ್ಟರ್' ಅಂತ ಒಂದು ಧಾರಾವಾಹಿಯನ್ನೇ ಮಾಡಿತು. 1963ರಲ್ಲಿ ವೇಲ್ಸ್‌ನ ಗಣಿ ಹಳ್ಳಿಗೆ ಬರುವ ಭಾರತೀಯ ವೈದ್ಯನ ಕಥೆ.

ಟ್ರೆಡೆಗರ್‌ನ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ, "ಡಾಕ್ಟರಾ ಲವ್ ನೀನು?" ಅಲ್ಲ, ಕಂಪ್ಯೂಟರ್ ಅಂದೆ. ಸ್ವಲ್ಪ ನಿರಾಸೆಯಾಯಿತೇನೋ. ತಾವು ಚಿಕ್ಕವರಿದ್ದಾಗ ಅಪ್ಪ ಸಂಬಳದ ಚೀಟಿ ತಂದು ಮೇಜಿನ ಮೇಲಿಡುತ್ತಿದ್ದದ್ದು, ಅದರಲ್ಲಿ ಸೊಸೈಟಿಗೆ ಮುರಿದದ್ದನ್ನು ಅಮ್ಮ ಬೆರಳಿಟ್ಟು ನೋಡುತ್ತಿದ್ದದ್ದು ಹೇಳಿದರು. "ನಮ್ಮ ಸೊಸೈಟಿ" ಅಂದರು. ಆಮೇಲೆ ಈಗ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಬೇಕಾದರೆ ಬೆಳಿಗ್ಗೆ ಎಂಟಕ್ಕೆ ಫೋನು ಹಿಡಿದು ಕೂರಬೇಕು, "ಅವರು" ಲೈನೇ ಎತ್ತುವುದಿಲ್ಲ ಅಂತ ಬೈದರು. ನಮ್ಮ ಸೊಸೈಟಿ, ಎತ್ತದ ಅವರು. ಈ ಎರಡು ಸರ್ವನಾಮಗಳ ನಡುವೆ ನಡೆದದ್ದೇ ನಾನು ಇಷ್ಟು ಹೊತ್ತು ಹೇಳಲು ಹೊರಟದ್ದು.

ಹಾಗಂತ, ಎನ್‌ಎಚ್‌ಎಸ್ ಬೇಡ, ಹಳೇ ಸೊಸೈಟಿ ಬರಲಿ ಅನ್ನುತ್ತೀರಾ ಅಂತ ಕೇಳಿದೆ. ಅಜ್ಜಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಅವರ ಎರಡೂ ಮಂಡಿ ಎನ್‌ಎಚ್‌ಎಸ್ ಹಾಕಿಸಿದ್ದಂತೆ. ಒಂದು ಪೆನ್ನಿ ಖರ್ಚಿಲ್ಲದೆ. ವೇಲ್ಸ್‌ನಲ್ಲಿ 2007ರಿಂದ ಔಷಧಿ ಚೀಟಿಗೂ ದುಡ್ಡಿಲ್ಲ, ಇಂಗ್ಲೆಂಡಿನವರು ಕೊಡುತ್ತಾರೆ ಅಂತ ಹೆಮ್ಮೆಯಿಂದ ಸೇರಿಸಿದರು.

ಊರಿಗೂ ಎಬ್ಬು ವೇಲ್‌ಗೂ ನಡುವಿನ ಗುಡ್ಡದಲ್ಲಿ ನಾಲ್ಕು ಬಂಡೆಗಳನ್ನು ನಿಲ್ಲಿಸಿದ್ದಾರೆ. ಒಂದು ದೊಡ್ಡದು, ಬೆವನ್‌ನದು. ಮೂರು ಚಿಕ್ಕವು, ಅವನ ಕ್ಷೇತ್ರದ ಮೂರು ಊರುಗಳವು: ಟ್ರೆಡೆಗರ್, ಎಬ್ಬು ವೇಲ್, ರಿಮ್ನಿ. ಅವನು ಜನರನ್ನು ಸೇರಿಸಿ ಭಾಷಣ ಮಾಡುತ್ತಿದ್ದ ಜಾಗ ಅದು. ಯಾರು ಯಾರಿಗೆ ಕಾವಲು ನಿಂತಿದ್ದಾರೆ ಅಂತ ಗೊತ್ತಾಗದ ಹಾಗೆ ನಿಲ್ಲಿಸಿದ್ದಾರೆ.

ನನಗೆ ಇವತ್ತಿಗೂ ಒಂದು ತೀರ್ಮಾನ ಬಂದಿಲ್ಲ. ಅಪ್ಪನ ಸ್ಟ್ರೆಚರ್ ಪಕ್ಕದಲ್ಲಿ ನಿಂತವನಾಗಿ ಕೇಳಿದರೆ ನನಗೆ ಬೇಕಾದದ್ದು ದೇಶದಷ್ಟು ದೊಡ್ಡದು: ಯಾವ ಊರಿನವನಾದರೂ, ಯಾರ ಪರಿಚಯ ಇಲ್ಲದಿದ್ದರೂ ಬಾಗಿಲು ತೆಗೆಯುವಂಥದ್ದು. ಆದರೆ ದೇಶದಷ್ಟು ದೊಡ್ಡದನ್ನು ಕಾಯುವವರು ಬೇಕಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಕಿತ್ತುಕೊಂಡರೆ ಜನ ಗೊಣಗುತ್ತಾರೆ, ತಮ್ಮದನ್ನು ಕಿತ್ತುಕೊಂಡರೆ ಬೀದಿಗೆ ಇಳಿಯುತ್ತಾರೆ. ಟ್ರೆಡೆಗರ್‌ನವರಿಗೆ ಅದು ತಮ್ಮದು ಅಂತ ಅನ್ನಿಸುತ್ತಿದ್ದದ್ದು ಮೂರು ಪೆನ್ನಿಯಿಂದಲೋ, ಕಮಿಟಿಯಲ್ಲಿ ಕೂತು ಜಗಳ ಆಡುವ ಹಕ್ಕಿನಿಂದಲೋ? ಎರಡನೆಯದರಿಂದ ಅಂತ ನನ್ನ ಗುಮಾನಿ. ದುಡ್ಡನ್ನು ದೇಶದ ಲೆಕ್ಕಕ್ಕೆ ಹಾಕಿ, ಜಗಳವನ್ನು ಊರಿನಲ್ಲೇ ಉಳಿಸಿಕೊಳ್ಳುವ ದಾರಿ ಏನಾದರೂ ಇದ್ದೀತಾ? ನಿಮಗೆ ಹೊಳೆದರೆ ಹೇಳಿ.